ಬಿಸಿಲ ವರ್ಷದ ಹಳೆಯ ಸೀಸೆಗಳು: 2003ರ ಬೋರ್ಡೋ ವೈನ್ ಮತ್ತು ದಾಸ್ತಾನಿನ ಲೆಕ್ಕ

ಇಟ್ಟಷ್ಟೂ ಬೆಲೆ ಬಾಳುತ್ತದೆ ಎಂಬ ನಂಬಿಕೆಯ ಮೇಲೆ ಮಾರಾಟವಾಗುವ ತಿನ್ನುವ ಅಥವಾ ಕುಡಿಯುವ ಸರಕುಗಳು ಬಹಳ ಇಲ್ಲ. ಧಾನ್ಯಕ್ಕೆ ಹುಳು ಬೀಳುತ್ತದೆ, ಎಣ್ಣೆ ಕಮಟುತ್ತದೆ, ಬೆಲ್ಲ ನೀರೊಡೆಯುತ್ತದೆ. ಫ್ರಾನ್ಸಿನ ನೈಋತ್ಯ ಭಾಗದಲ್ಲಿರುವ ಬೋರ್ಡೋ ಪ್ರದೇಶದ ಮೇಲ್ದರ್ಜೆಯ ಕೆಂಪು ವೈನ್ ಮಾತ್ರ ತಂಪಾದ ನೆಲಮಾಳಿಗೆಯಲ್ಲಿ ಹತ್ತು, ಇಪ್ಪತ್ತು, ಮೂವತ್ತು ವರ್ಷ ಮಲಗಿ ಪಕ್ವವಾಗುತ್ತದೆ ಎಂಬುದು ಆ ವ್ಯಾಪಾರದ ತಳಹದಿ. ಈ ತಳಹದಿಯನ್ನೇ ಒರೆಗೆ ಹಚ್ಚಿದ ವರ್ಷ 2003. ಆ ವರ್ಷದ ಬಿಸಿಲಿನಲ್ಲಿ ಹಣ್ಣಾದ ದ್ರಾಕ್ಷಿಯ ವೈನ್ ಪೀಪಾಯಿಯಲ್ಲಿದ್ದಾಗಲೇ ಹಣ ತೆತ್ತು ಕೊಂಡವರು ಜಗತ್ತಿನ ಹಲವು ದೇಶಗಳಲ್ಲಿದ್ದಾರೆ. ಇಪ್ಪತ್ತು ವರ್ಷ ದಾಟಿದ ಆ ಸೀಸೆಗಳನ್ನು ಈಗ ತೆರೆದು ರುಚಿ ನೋಡಿದಾಗ ಕೆಲವರಿಗೆ ಲಾಭ, ಕೆಲವರಿಗೆ ನಷ್ಟ ಎಂದಷ್ಟೇ ಹೇಳಿ ಮುಗಿಸುವಂತಿಲ್ಲ. ಯಾವ ಸೀಸೆ ಏಕೆ ಬಾಳಿತು, ಯಾವುದು ಏಕೆ ಸೋತಿತು ಎಂಬುದರಲ್ಲಿ ದಾಸ್ತಾನು ಇಟ್ಟು ವ್ಯಾಪಾರ ಮಾಡುವ ಎಲ್ಲರಿಗೂ ಪರಿಚಿತವಾದ ಸಂಗತಿಗಳಿವೆ.

ಆ ಬೇಸಿಗೆ

2003ರ ಆಗಸ್ಟ್ ತಿಂಗಳಿನ ಉಷ್ಣ ಅಲೆಯನ್ನು ಯೂರೋಪು ಇನ್ನೂ ಮರೆತಿಲ್ಲ. ಫ್ರಾನ್ಸ್ ಒಂದರಲ್ಲಿಯೇ ಸುಮಾರು 15,000 ಮಂದಿ, ಅವರಲ್ಲಿ ಬಹುಪಾಲು ವೃದ್ಧರು, ಆ ಕೆಲವು ವಾರಗಳಲ್ಲಿ ಮೃತಪಟ್ಟರು. ಬೋರ್ಡೋದಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರಿತು. ಕಲಬುರಗಿ, ರಾಯಚೂರಿನವರಿಗೆ ಈ ಅಂಕಿ ದೊಡ್ಡದಾಗಿ ಕಾಣದು. ಆದರೆ ಅಲ್ಲಿನ ಮನೆಗಳೂ ಆಸ್ಪತ್ರೆಗಳೂ ದ್ರಾಕ್ಷಿ ತೋಟಗಳೂ ಅಂಥ ಬಿಸಿಲಿಗೆ ಸಿದ್ಧವಾಗಿರಲಿಲ್ಲ. ರಾತ್ರಿಯೂ ತಂಪಾಗದ ದಿನಗಳು ಒಂದರ ಹಿಂದೆ ಒಂದು ಬಂದವು. ಮಳೆಯೂ ಕೈಕೊಟ್ಟಿತ್ತು. ಫಲ ಕೊಡುವ ಬಳ್ಳಿಗೆ ನೀರು ಹಾಯಿಸಲು ಅಂದಿನ ನಿಯಮಗಳು ಅವಕಾಶ ಕೊಡುತ್ತಿರಲಿಲ್ಲ.

ಬಿಸಿಲು ಹೆಚ್ಚಾದರೆ ಹಣ್ಣು ಸಿಹಿಯಾಗುತ್ತದೆ, ವೈನ್ ಚೆನ್ನಾಗುತ್ತದೆ ಎಂದು ತಿಳಿಯುವುದು ಸಹಜ. ಒಂದು ಮಿತಿಯವರೆಗೆ ಅದು ನಿಜವೂ ಹೌದು. ಸುಮಾರು 35 ಡಿಗ್ರಿ ದಾಟಿದ ಮೇಲೆ ಬಳ್ಳಿ ತನ್ನ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ಕೆಲಸ ನಿಲ್ಲಿಸುತ್ತದೆ. ಕಾಯಿಯೊಳಗಿನ ನೀರು ಆವಿಯಾಗಿ ಸಕ್ಕರೆಯ ಸಾಂದ್ರತೆ ಏರುತ್ತದೆ. ಇದು ಮಾಗಿದ್ದರಿಂದ ಬಂದ ಸಿಹಿಯಲ್ಲ, ಒಣಗಿದ್ದರಿಂದ ಬಂದ ಸಿಹಿ. ಹಣ್ಣಿನಲ್ಲಿರುವ ಮ್ಯಾಲಿಕ್ ಆಮ್ಲ ಉಷ್ಣತೆಗೆ ಬೇಗನೆ ಕರಗಿಹೋಗುತ್ತದೆ, ಹೀಗಾಗಿ ಹುಳಿ ಕಡಿಮೆಯಾಗುತ್ತದೆ. ಸಿಪ್ಪೆ ಮತ್ತು ಬೀಜದಲ್ಲಿರುವ ಟ್ಯಾನಿನ್ ಮಾತ್ರ ಈ ಅವಸರಕ್ಕೆ ಜೊತೆಗೂಡುವುದಿಲ್ಲ, ಅದು ಮಾಗುವುದಕ್ಕೆ ತನ್ನದೇ ಕಾಲ ತೆಗೆದುಕೊಳ್ಳುತ್ತದೆ. ನಮ್ಮವರಿಗೆ ಟ್ಯಾನಿನ್ ಎಂದರೇನೆಂದು ವಿವರಿಸಬೇಕಾದ ಅಗತ್ಯವೇ ಇಲ್ಲ. ಹಸಿ ಬಾಳೆಕಾಯಿಯಲ್ಲಿ, ನೇರಳೆ ಹಣ್ಣಿನಲ್ಲಿ, ಅಡಿಕೆ ಬೇಯಿಸಿದ ಚೊಗರಿನಲ್ಲಿ ನಾಲಗೆಯನ್ನು ಹಿಡಿದೆಳೆಯುವ ಒಗರು ಅದೇ. ಸಕ್ಕರೆ ಏರಿತೆಂದು ಬೇಗ ಕೊಯ್ದರೆ ಒಗರು ಕಾಯಾಗಿ ಉಳಿಯುತ್ತದೆ. ಒಗರು ಮಾಗಲೆಂದು ಕಾದರೆ ಹಣ್ಣು ಒಣದ್ರಾಕ್ಷಿಯಾಗುತ್ತದೆ. 2003ರಲ್ಲಿ ತೋಟದ ಒಡೆಯರು ಸಿಕ್ಕಿಬಿದ್ದದ್ದು ಈ ಇಕ್ಕಟ್ಟಿನಲ್ಲಿ. ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ವಾರ ಅಥವಾ ಅಕ್ಟೋಬರ್‌ನಲ್ಲಿ ನಡೆಯುವ ಕೆಂಪು ದ್ರಾಕ್ಷಿಯ ಕೊಯ್ಲು ಆ ವರ್ಷ ಅನೇಕ ಕಡೆ ಸೆಪ್ಟೆಂಬರ್ ಮೊದಲ ದಿನಗಳಲ್ಲಿಯೇ ಆರಂಭವಾಯಿತು.

ಹುಳಿ ಇಳಿದದ್ದು ಎಷ್ಟು ಗಂಭೀರವಾಗಿತ್ತೆಂದರೆ, ಸಾಮಾನ್ಯ ವರ್ಷಗಳಲ್ಲಿ ಉತ್ತರದ ವಲಯಗಳಿಗೆ ನಿಷಿದ್ಧವಾದ ಆಮ್ಲ ಸೇರಿಸುವ ಕ್ರಮಕ್ಕೆ ಯೂರೋಪಿಯನ್ ಒಕ್ಕೂಟವು 2003ರ ಫಸಲಿಗೆಂದು ವಿಶೇಷ ಅನುಮತಿ ನೀಡಿತು. ಇಂಥ ಸಂದರ್ಭದಲ್ಲಿ ಸೇರಿಸುವುದು ಟಾರ್ಟಾರಿಕ್ ಆಮ್ಲ. ಹುಣಸೆಹಣ್ಣಿಗೆ ಅದರ ಹುಳಿ ಕೊಡುವ ಆಮ್ಲವೂ ಅದೇ. ಸಾರಿಗೆ ಹುಣಸೆ ಹಿಂಡಿದಷ್ಟು ಸುಲಭವಾಗಿ ವೈನಿಗೆ ಹುಳಿ ಹೊಂದಿಕೊಳ್ಳುವುದಿಲ್ಲ ಎಂಬುದು ಬೇರೆ ಮಾತು. ಹದ ತಪ್ಪಿದಾಗ ಆ ಹುಳಿ ವರ್ಷಗಳ ಬಳಿಕವೂ ನಾಲಗೆಯ ಮೇಲೆ ಪ್ರತ್ಯೇಕವಾಗಿಯೇ ನಿಲ್ಲುತ್ತದೆ.

ಮಣ್ಣಿನ ಕೆಳಗಿನ ನೀರು

ಹಾಗಾದರೆ ಎಲ್ಲ ತೋಟಗಳೂ ಒಂದೇ ರೀತಿ ಸೊರಗಿದವೇ? ಇಲ್ಲ. ಜಿರೋಂದ್ ನದೀಮುಖದ ಎಡದಂಡೆಯಲ್ಲಿ ಸೇಂತ್-ಎಸ್ತೆಫ್ ಎಂಬ ಊರಿದೆ. ಅಲ್ಲಿನ ಮಣ್ಣಿನಲ್ಲಿ ಜೇಡಿ ಹೆಚ್ಚು. ಸಾಮಾನ್ಯ ವರ್ಷಗಳಲ್ಲಿ ಇದು ಒಂದು ಕೊರತೆ. ನೀರು ಬೇಗ ಬಸಿದುಹೋಗದೆ ಹಣ್ಣು ತಡವಾಗಿ ಮಾಗುತ್ತದೆ, ವೈನ್ ಒರಟಾಗಿರುತ್ತದೆ ಎಂದು ದೂರುವವರಿದ್ದರು. 2003ರಲ್ಲಿ ಆ ಕೊರತೆಯೇ ಆಸ್ತಿಯಾಯಿತು. ಜೇಡಿಮಣ್ಣು ಹಿಡಿದಿಟ್ಟ ತೇವವು ಬಳ್ಳಿಯನ್ನು ಆಗಸ್ಟ್ ದಾಟಿಸಿತು. ಇಲ್ಲಿನ ಶಾತೋ ಮೊಂರೋಸ್ ಮತ್ತು ಶಾತೋ ಕೋಸ್ ದೆಸ್ತೂರ್ನೆಲ್, ಪಕ್ಕದ ಪೋಯಾಕ್ ಊರಿನ ಶಾತೋ ಲಾತೂರ್ ಮತ್ತು ಶಾತೋ ಲಾಫೀತ್ ಆ ವರ್ಷದ ಅತ್ಯುತ್ತಮ ವೈನ್‌ಗಳ ಸಾಲಿಗೆ ಸೇರಿದವು. ಲಾತೂರ್ ಮತ್ತು ಮೊಂರೋಸ್ ತೋಟಗಳಲ್ಲಿ ಮೇಲೆ ಗರಸು, ಕೆಳಗೆ ಜೇಡಿ. ಎದುರಿಗೇ ವಿಶಾಲವಾದ ನದಿ. ಆ ನೀರಿನ ಹರವು ಬೇಗೆಯನ್ನು ಒಂದಿಷ್ಟು ತಗ್ಗಿಸುತ್ತದೆ.

ದ್ರಾಕ್ಷಿಯ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಎಡದಂಡೆಯ ಮುಖ್ಯ ಬೆಳೆ ಕ್ಯಾಬರ್ನೆ ಸೋವಿನ್ಯಾನ್, ದಪ್ಪ ಸಿಪ್ಪೆಯ ನಿಧಾನಗಾರ. ಬಲದಂಡೆಯ ಪೊಮೆರೋಲ್ ಮತ್ತು ಸೇಂತ್-ಎಮಿಲಿಯೋಂ ಊರುಗಳ ಮೆರ್ಲೋ ಬೇಗ ಮಾಗುವ ಜಾತಿ. ತೆಳುವಾದ ಗರಸು ಅಥವಾ ಮರಳಿನ ನೆಲದಲ್ಲಿದ್ದ ಮೆರ್ಲೋ ಬಳ್ಳಿಗಳಿಗೆ ಆ ಬೇಸಿಗೆ ಹೆಚ್ಚು ಪೆಟ್ಟು ಕೊಟ್ಟಿತು. ಸುಣ್ಣಕಲ್ಲಿನ ನೆಲದವರು ಅಷ್ಟಿಷ್ಟು ಪಾರಾದರು.

ಮನುಷ್ಯನ ಕೈಯ ಪಾಲೂ ಸಣ್ಣದಲ್ಲ. ಗೊಂಚಲಿಗೆ ಬಿಸಿಲು ಬೀಳಲೆಂದು ಸುತ್ತಲಿನ ಎಲೆ ಕಿತ್ತುಹಾಕುವುದು ಅಲ್ಲಿ ರೂಢಿಯ ಕ್ರಮ. ಹಿಂದಿನ ತಂಪು ವರ್ಷಗಳ ಅನುಭವದಿಂದ 2003ರಲ್ಲಿಯೂ ಬೇಗನೆ ಎಲೆ ಕಿತ್ತವರ ಹಣ್ಣು ಸುಟ್ಟುಹೋಯಿತು. ಸೋಮಾರಿತನದಿಂದಲೋ ಮುಂದಾಲೋಚನೆಯಿಂದಲೋ ಎಲೆ ಬಿಟ್ಟವರದ್ದು ಉಳಿಯಿತು.

ಇಪ್ಪತ್ತು ವರ್ಷದ ಸೀಸೆಯ ಪರೀಕ್ಷೆ

ಹಳೆಯ ವೈನಿನ ರುಚಿ ನೋಡುವುದು ವಿಲಾಸವೆಂದು ತೋರಿದರೂ ಅದರಲ್ಲಿ ಪರಿಶೀಲನೆಯ ಶಿಸ್ತಿದೆ. ಸೀಸೆಯನ್ನು ಒಂದೆರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ, ತಳಕ್ಕೆ ಗಸಿ ಇಳಿಯಲು ಬಿಡುತ್ತಾರೆ. ಬಣ್ಣ ಮತ್ತು ಟ್ಯಾನಿನ್ ಕಣಗಳು ವರ್ಷಗಟ್ಟಲೆ ಒಂದಕ್ಕೊಂದು ಕೂಡಿ ಭಾರವಾಗಿ ತಳ ಸೇರಿದ್ದೇ ಆ ಗಸಿ. ಹಾಗೆ ಕೂಡಿದ್ದರಿಂದಲೇ ಎಳೆಯ ವೈನಿನ ಒಗರು ಹಳೆಯದರಲ್ಲಿ ಮೃದುವಾಗುತ್ತದೆ. ಬಳಿಕ ನಿಧಾನವಾಗಿ ಬೇರೆ ಪಾತ್ರೆಗೆ ಬಗ್ಗಿಸಿ, ಗಸಿ ಬರುವ ಹೊತ್ತಿಗೆ ನಿಲ್ಲಿಸುತ್ತಾರೆ. ಉಷ್ಣಾಂಶ 16ರಿಂದ 18 ಡಿಗ್ರಿ ಇರಬೇಕೆಂಬುದು ವಾಡಿಕೆ. ಬಿಸಿಲ ವರ್ಷದ ವೈನಿಗೆ ಇದರಲ್ಲಿ ಕೆಳಗಿನ ಅಂಕಿಯೇ ಲೇಸು, ಏಕೆಂದರೆ ಹೆಚ್ಚಿದ ಮದ್ಯಸಾರವು ಬೆಚ್ಚಗಾದೊಡನೆ ಮೂಗಿಗೆ ಹೊಡೆಯುತ್ತದೆ. ಹತ್ತಾರು ತೋಟಗಳ ಒಂದೇ ವರ್ಷದ ಸೀಸೆಗಳನ್ನು, ಹೆಸರು ಮುಚ್ಚಿ, ಒಂದೇ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡುವುದು ಅತ್ಯಂತ ನ್ಯಾಯವಾದ ಕ್ರಮ. ಚೀಟಿ ಕಾಣಿಸಿದರೆ ಅನುಭವಿಯ ನಾಲಗೆಯೂ ಬೆಲೆಯ ಕಡೆಗೆ ವಾಲುತ್ತದೆ.

ಲೋಟವನ್ನು ಬಿಳಿ ಬಟ್ಟೆಯ ಎದುರು ವಾಲಿಸಿದಾಗ ಮೊದಲು ಕಾಣುವುದು ಅಂಚಿನ ಬಣ್ಣ. ಎಳೆಯ ವೈನಿನ ನೇರಳೆ ಛಾಯೆ ವಯಸ್ಸಾದಂತೆ ಮಾಣಿಕ್ಯಕ್ಕೆ, ಅಲ್ಲಿಂದ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. 2003ರ ಅನೇಕ ವೈನ್‌ಗಳು ಹತ್ತನೆಯ ವರ್ಷಕ್ಕೇ ಇಪ್ಪತ್ತರ ಬಣ್ಣ ತೋರಿದವು. ಆಮೇಲೆ ವಾಸನೆ. ಚೆನ್ನಾಗಿ ಮಾಗಿದ ಹಳೆಯ ಬೋರ್ಡೋದಲ್ಲಿ ದೇವದಾರು ಮರದ ಪೆಟ್ಟಿಗೆ, ಹದ ಮಾಡಿದ ಹೊಗೆಸೊಪ್ಪು, ಹಳೆಯ ಚರ್ಮ, ಮಳೆಗೆ ನೆನೆದ ತರಗೆಲೆ ಇವುಗಳ ನೆನಪು ತರುವ ಪರಿಮಳ ಇರುತ್ತದೆ. ಅದರ ನಡುವೆ ಹಣ್ಣು ಇನ್ನೂ ಜೀವಂತವಾಗಿರಬೇಕು. ಸೋತ ವೈನಿನಲ್ಲಿ ಇವೆಲ್ಲವನ್ನೂ ಮುಚ್ಚಿಹಾಕುವಂತೆ ಒಣ ಆಲೂಬುಖಾರ, ಒಣ ಅಂಜೂರ, ಕಾಕಂಬಿಯ ವಾಸನೆ ಏಳುತ್ತದೆ. ಅತಿಯಾಗಿ ಮಾಗಿದ ಹಣ್ಣಿನ ಮತ್ತು ಅಕಾಲ ಮುಪ್ಪಿನ ಗುರುತು ಇದು. ಬೋರ್ಡೋ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ವೈನ್‌ಗಳಲ್ಲಿ ಈ ವಾಸನೆಗೆ ಕಾರಣವಾಗುವ ಸಂಯುಕ್ತವೊಂದನ್ನು ಗುರುತಿಸಿದ್ದಾರೆ.

ನಿಜವಾದ ತೀರ್ಪು ಬಾಯಲ್ಲಿ, ಅದೂ ಕೊನೆಯಲ್ಲಿ. 2003ರ ಬಹುತೇಕ ವೈನ್‌ಗಳ ಮೊದಲ ಗುಟುಕು ಇಷ್ಟವಾಗುವಂಥದು. ದುಂಡಗೆ, ಸಿಹಿಸಿಹಿಯಾಗಿ, ಧಾರಾಳವಾಗಿ ಬಾಯಿ ತುಂಬುತ್ತದೆ. ಹತ್ತು ಸೆಕೆಂಡು ಕಳೆಯಲಿ. ದುರ್ಬಲವಾದುದರಲ್ಲಿ ಹಣ್ಣು ಥಟ್ಟನೆ ಇಳಿದುಹೋಗಿ, ಮಾಗದ ಟ್ಯಾನಿನ್ನಿನ ಒಣ ಒಗರು ಮತ್ತು ಮದ್ಯಸಾರದ ಉರಿ ಮಾತ್ರ ಉಳಿಯುತ್ತವೆ. ಮೈ ಕರಗಿ ಮೂಳೆ ಉಳಿದಂತೆ. ಈ ಒಗರು ಇನ್ನು ಹತ್ತು ವರ್ಷ ಕಾದರೂ ಮೃದುವಾಗದು, ಏಕೆಂದರೆ ಅದನ್ನು ಹೊದ್ದುಕೊಳ್ಳಬೇಕಾದ ಹಣ್ಣೇ ಇಲ್ಲವಾಗಿದೆ. ಸಬಲವಾದುದರಲ್ಲಿ, ಅಂದರೆ ಮೇಲೆ ಹೇಳಿದ ಜೇಡಿ ನೆಲದ ವೈನ್‌ಗಳಲ್ಲಿ, ಹುಳಿ ಕಡಿಮೆಯೇ ಇದ್ದರೂ ಎಲ್ಲಿಯೋ ಒಂದು ತಾಜಾತನ ಉಳಿದಿದೆ; ರುಚಿ ನಿಧಾನವಾಗಿ ಇಳಿಯುತ್ತದೆ, ಮತ್ತೊಂದು ಗುಟುಕು ಬೇಕೆನಿಸುತ್ತದೆ. ಹತ್ತನೆಯ ಮತ್ತು ಇಪ್ಪತ್ತನೆಯ ವರ್ಷದ ಮರುಪರೀಕ್ಷೆಗಳಲ್ಲಿ ಮೂಡಿದ ಸಾಮಾನ್ಯ ಅಭಿಪ್ರಾಯವೂ ಇದೇ: ಉತ್ತರದ ಎಡದಂಡೆ ನಿಂತಿತು, ಬಲದಂಡೆಯ ಬಹುಭಾಗವನ್ನು ಬೇಗ ಕುಡಿದು ಮುಗಿಸಿದವರೇ ಜಾಣರು.

2004ರ ಜಗಳ

ಬೋರ್ಡೋದ ಮುಂಗಡ ಮಾರಾಟ ಪದ್ಧತಿಯನ್ನು ಅರಿಯದೆ ಈ ಕಥೆ ಪೂರ್ಣವಾಗದು. ಕೊಯ್ಲಾದ ಮರುವರ್ಷದ ವಸಂತದಲ್ಲಿ, ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ, ವಿಮರ್ಶಕರೂ ವರ್ತಕರೂ ಬಂದು ಮಾದರಿಯ ರುಚಿ ನೋಡುತ್ತಾರೆ. ಆಮೇಲೆ ತೋಟದವರು ಬೆಲೆ ಪ್ರಕಟಿಸುತ್ತಾರೆ. ಸರಕು ದಲ್ಲಾಳಿಯ ಮೂಲಕ, ಅವನ ಶೇಕಡಾ 2ರ ದಲ್ಲಾಳಿಯೊಡನೆ, ಸಗಟು ವರ್ತಕನಿಗೂ ಅಲ್ಲಿಂದ ಆಮದುದಾರನಿಗೂ ಕೊನೆಗೆ ಗ್ರಾಹಕನಿಗೂ ಕಾಗದದ ಮೇಲೆ ಸಾಗುತ್ತದೆ. ಸೀಸೆ ಕೈಸೇರುವುದು ಸುಮಾರು ಎರಡು ವರ್ಷದ ನಂತರ. ನಮ್ಮ ಕಡೆ ತೋಟದ ಮಾವಿನ ಫಸಲನ್ನು ಹೂವಿನಲ್ಲಿಯೇ ಗುತ್ತಿಗೆ ಹಿಡಿಯುವ ವ್ಯಾಪಾರಿಗೆ ಇದು ಹೊಸ ವಿದ್ಯೆಯಲ್ಲ.

ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ನೀಡುತ್ತಿದ್ದ ನೂರರ ಅಂಕಗಳು ಆ ಕಾಲದಲ್ಲಿ ಬೆಲೆಯನ್ನೇ ನಿರ್ಧರಿಸುತ್ತಿದ್ದವು. ಇರಾಕ್ ಯುದ್ಧದ ಕಾರಣ 2003ರ ವಸಂತದಲ್ಲಿ ಅವರು ಬೋರ್ಡೋಗೆ ಬರಲಿಲ್ಲ. 2002ರ ವೈನ್‌ಗಳು ಅವರ ಅಂಕವಿಲ್ಲದೆ, ಇಳಿದ ಬೆಲೆಗೆ ಹೊರಟವು. ಮರುವರ್ಷ ಅವರು ಬಂದರು, 2003ರ ಹಲವು ವೈನ್‌ಗಳನ್ನು ಬಹುವಾಗಿ ಮೆಚ್ಚಿದರು, ಬೆಲೆ ಏರಿತು. ಸೇಂತ್-ಎಮಿಲಿಯೋಂನ ಶಾತೋ ಪಾವೀ ಅವರ ಮೆಚ್ಚುಗೆಯ ಮುಂಚೂಣಿಯಲ್ಲಿತ್ತು. ಅದೇ ಪೀಪಾಯಿಯ ಮಾದರಿಗೆ ಬ್ರಿಟನ್ನಿನ ಜಾನ್ಸಿಸ್ ರಾಬಿನ್ಸನ್ ಇಪ್ಪತ್ತಕ್ಕೆ 12 ಅಂಕ ನೀಡಿ, ಇದು ಬೋರ್ಡೋದ ವೈನ್ ಎನಿಸುವುದೇ ಇಲ್ಲ, ಅತಿ ಮಾಗಿದ್ದು ಎಂಬರ್ಥದಲ್ಲಿ ಬರೆದರು. ಪಾರ್ಕರ್ ಬಹಿರಂಗವಾಗಿ ಪ್ರತಿಭಟಿಸಿದರು. ವೈನ್ ಜಗತ್ತು ಎರಡು ಪಂಗಡವಾಯಿತು. ಪಾವೀ 2003ರ ಬಗ್ಗೆ ರಸಜ್ಞರಲ್ಲಿ ಆ ಬಳಿಕವೂ ಒಮ್ಮತ ಮೂಡಲಿಲ್ಲ.

ಇಬ್ಬರ ನಾಲಗೆಯೂ ಪರಿಣತವೇ. ಆದರೆ ಕೊಳ್ಳುವವನ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದುದು ಬೇರೆ. ಇಬ್ಬರೂ ಪರೀಕ್ಷಿಸಿದ್ದು ಆರು ತಿಂಗಳ ಕೂಸನ್ನು. ಆ ವಯಸ್ಸಿನಲ್ಲಿ ಸಿಹಿಯೂ ಸಾಂದ್ರತೆಯೂ ಎದ್ದು ಕಾಣುತ್ತವೆ, ಹುಳಿಯ ಕೊರತೆ ಮರೆಯಾಗಿರುತ್ತದೆ. ಬಿಸಿಲ ವರ್ಷದ ವೈನ್ ಪೀಪಾಯಿಯಲ್ಲಿ ತನಗಿಂತ ದೊಡ್ಡದಾಗಿ ತೋರುತ್ತದೆ. ಅದೇ ಕ್ಷಣದಲ್ಲಿ ಬೆಲೆ ಕಟ್ಟುವುದು ಮಾರುವವನಿಗೆ ಅನುಕೂಲ.

ಹಾಗೆಂದು ಹುಳಿ ಕಡಿಮೆಯಾದ ವರ್ಷಗಳೆಲ್ಲ ಸೋಲುತ್ತವೆ ಎಂದು ತೀರ್ಮಾನಿಸುವುದೂ ಅವಸರವೇ. 1959ರ ಬೋರ್ಡೋ ಬಿಸಿಲ ವರ್ಷದ್ದು, ಹುಳಿ ಸಾಲದು, ಬಾಳದು ಎಂದು ಅಂದು ಅನೇಕರು ಹೇಳಿದ್ದರು. ಅದು ದಶಕಗಟ್ಟಲೆ ಬಾಳಿತು. 1982ರ ಬಗ್ಗೆಯೂ ಅನುಮಾನಿಸಿದವರಿದ್ದರು. ಅದನ್ನು ಮೊದಲೇ ಎತ್ತಿಹಿಡಿದದ್ದರಿಂದಲೇ ಪಾರ್ಕರ್ ಹೆಸರಾದರು. ಇನ್ನು 1947ರ ಶಾತೋ ಶೆವಾಲ್ ಬ್ಲಾಂಕ್. ಸುಡುಬಿಸಿಲಿನ ಕೊಯ್ಲು, ಹುದುಗು ಪೂರ್ತಿಯಾಗದೆ ಉಳಿದ ಸಕ್ಕರೆ, ವಿನೆಗರಿನ ಅಂಶವೂ ಹೆಚ್ಚು. ಇಂದಿನ ಪ್ರಯೋಗಾಲಯದಲ್ಲಿ ದೋಷಪೂರ್ಣವೆಂದು ಬದಿಗಿಡಬಹುದಾದ ಆ ವೈನ್ ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಖ್ಯಾತ ವೈನ್‌ಗಳಲ್ಲಿ ಒಂದು. ಲೆಕ್ಕಿಗರಿಗೆ ಇಂಥ ಅಪವಾದಗಳು ಇಷ್ಟವಾಗುವುದಿಲ್ಲ, ಆದರೂ ಅವು ಇವೆ.

ಲೆಕ್ಕದ ಪುಸ್ತಕದಲ್ಲಿ

ನೂರು ರೂಪಾಯಿಗೆ ಕೊಂಡ ಸರಕಿನ ಮೇಲೆ ವರ್ಷಕ್ಕೆ ಶೇಕಡಾ 8ರ ಚಕ್ರಬಡ್ಡಿ ಹಾಕಿದರೆ ಹತ್ತು ವರ್ಷಕ್ಕೆ ಅದು 216 ರೂಪಾಯಿ, ಇಪ್ಪತ್ತು ವರ್ಷಕ್ಕೆ 466 ರೂಪಾಯಿ. ಇದಕ್ಕೆ ತಂಪು ಮಳಿಗೆಯ ಬಾಡಿಗೆ ಮತ್ತು ವಿಮೆ ಸೇರಿಸಬೇಕು. ಇಪ್ಪತ್ತನೆಯ ವರ್ಷದಲ್ಲಿ ಐದು ಪಟ್ಟು ಬೆಲೆ ಬಾರದ ಸೀಸೆ, ಎಷ್ಟೇ ರುಚಿಯಾಗಿದ್ದರೂ, ಹೂಡಿಕೆಯಾಗಿ ಸೋತಂತೆಯೇ. ಈ ಸರಳ ಗುಣಾಕಾರವನ್ನು ಹರಾಜಿನ ಸುದ್ದಿಗಳಲ್ಲಿ ಯಾರೂ ಮಾಡಿ ತೋರಿಸುವುದಿಲ್ಲ. 2009 ಮತ್ತು 2010ರ ಫಸಲಿಗೆ ಭಾರಿ ಮುಂಗಡ ಬೆಲೆ ಕೊಟ್ಟವರಲ್ಲಿ ಅನೇಕರು, 2011ರ ಬಳಿಕ ಮಾರುಕಟ್ಟೆ ಕುಸಿದಾಗ ಅಸಲೂ ಕೈಗೆ ಬಾರದೆ ಕುಳಿತರು.

ಲೆಕ್ಕಪತ್ರ ಮಾನದಂಡಗಳ ದೃಷ್ಟಿಯಲ್ಲಿ ಈ ಸರಕು ಕುತೂಹಲಕರ. ಭಾರತೀಯ ಲೆಕ್ಕಪತ್ರ ಮಾನದಂಡ 41ರ ಪ್ರಕಾರ ಕೊಯ್ದ ದ್ರಾಕ್ಷಿಯನ್ನು ಕೊಯ್ಲಿನ ಕ್ಷಣದಲ್ಲಿ, ಮಾರಾಟ ವೆಚ್ಚ ಕಳೆದ ನ್ಯಾಯಯುತ ಮೌಲ್ಯದಲ್ಲಿ ಅಳೆಯಬೇಕು. ಅದು ವೈನ್ ಆಗತೊಡಗಿದ ಕ್ಷಣದಿಂದ ಸಾಮಾನ್ಯ ದಾಸ್ತಾನು. ತಯಾರಿಕಾ ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಎರಡರಲ್ಲಿ ಕಡಿಮೆಯಾದುದು. ಪೀಪಾಯಿಯಲ್ಲಿ ದೀರ್ಘಕಾಲ ಪಕ್ವವಾಗುವ ವೈನಿನ ಮೇಲಿನ ಸಾಲದ ಬಡ್ಡಿಯನ್ನು ತಯಾರಕರು ದಾಸ್ತಾನಿನ ವೆಚ್ಚಕ್ಕೆ ಸೇರಿಸಲು ಆಸ್ಪದವಿದೆ. ಆದರೆ ಸೀಸೆಯಾಗಿ ಮಾರಾಟಕ್ಕೆ ಸಿದ್ಧವಾದ ವೈನನ್ನು ಕೊಂಡು, ಬೆಲೆ ಏರಲೆಂದು ಇಟ್ಟುಕೊಂಡ ವರ್ತಕನಿಗೆ ಆ ಸೌಲಭ್ಯವಿಲ್ಲ. ಅವನ ಬಡ್ಡಿ ಆಯಾ ವರ್ಷದ ಖರ್ಚು.

ಕಷ್ಟ ಇರುವುದು ನಿವ್ವಳ ವಸೂಲಿ ಮೌಲ್ಯವನ್ನು ಅರಿಯುವುದರಲ್ಲಿ. ಅಕ್ಕಿ ಮೂಟೆಗೆ ಬಂಬು ಚುಚ್ಚಿ ಮಾದರಿ ತೆಗೆಯಬಹುದು, ಹತ್ತಿಯ ಬೇಲಿನಿಂದ ಎಳೆ ಎಳೆಯಬಹುದು. ಸೀಸೆಯ ಬಿರಡೆ ತೆಗೆದರೆ ಆ ಸರಕೇ ಮುಗಿಯಿತು. ಹನ್ನೆರಡು ಸೀಸೆಯ ಪೆಟ್ಟಿಗೆಯಲ್ಲಿ ಒಂದನ್ನು ಪರೀಕ್ಷಿಸಿದರೆ ದಾಸ್ತಾನಿನ ಹನ್ನೆರಡರಲ್ಲಿ ಒಂದು ಪಾಲು ಹೋಯಿತು. ಉಳಿದ ಹನ್ನೊಂದು ಅದರಂತೆಯೇ ಇವೆ ಎಂಬುದಕ್ಕೂ ಖಾತ್ರಿಯಿಲ್ಲ. ಬಿರಡೆಗಳು ಒಂದೇ ಸಮನಾಗಿರುವುದಿಲ್ಲ. ಒಂದು ಪೆಟ್ಟಿಗೆ 12 ಡಿಗ್ರಿಯ ನೆಲಮಾಳಿಗೆಯಲ್ಲಿ ಅಲುಗಾಡದೆ ಇದ್ದಿರಬಹುದು, ಇನ್ನೊಂದು ಯಾವುದೋ ಬಂದರಿನ ಬಿಸಿಲಿನಲ್ಲಿ ವಾರಗಟ್ಟಲೆ ಕಾದಿರಬಹುದು. ಮೊದಲೇ ಹುಳಿ ಕಡಿಮೆಯಾದ 2003ರ ವೈನಿಗೆ ಎರಡನೆಯ ಬಿಸಿಲು ಮಾರಕ. ಆದ್ದರಿಂದ ಹಳೆಯ ವೈನಿನ ವ್ಯಾಪಾರದಲ್ಲಿ ಸೀಸೆಯಷ್ಟೇ ಬೆಲೆ ಅದರ ಸಂಗ್ರಹಣೆಯ ದಾಖಲೆಗೂ ಇದೆ.

ಬೆಲೆಯನ್ನೇ ಗುಣದ ಅಳತೆಗೋಲಾಗಿ ಬಳಸುವ ರೂಢಿ ಅಲ್ಲಿ ಬಹಳ ಹಳೆಯದು, ಅದರಲ್ಲಿ ಬೋರ್ಡೋ ವಾಣಿಜ್ಯ ಮಂಡಳಿಯ ಕೈಯೂ ಇದೆ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ವೈನ್‌ಗಳ ದರ್ಜೆಪಟ್ಟಿ ಬೇಕಾದಾಗ ಮಂಡಳಿಯು ದಲ್ಲಾಳಿಗಳ ಸಂಘವನ್ನು ಕೇಳಿತು. ಅವರು ಹೊಸದಾಗಿ ರುಚಿ ನೋಡುವ ಗೋಜಿಗೆ ಹೋಗದೆ, ದೀರ್ಘಕಾಲ ಯಾವ ತೋಟದ ವೈನಿಗೆ ಎಷ್ಟು ಬೆಲೆ ಬಂದಿದೆ ಎಂಬ ಆಧಾರದ ಮೇಲೆ ಐದು ದರ್ಜೆಯ ಪಟ್ಟಿ ಬರೆದುಕೊಟ್ಟರು. 1973ರಲ್ಲಿ ಶಾತೋ ಮೂತೋಂ ರೋತ್‌ಶೀಲ್ಡ್ ಮೊದಲ ದರ್ಜೆಗೆ ಏರಿದ್ದನ್ನು ಬಿಟ್ಟರೆ ಆ ಪಟ್ಟಿಯ ದರ್ಜೆಗಳು ಹೆಚ್ಚುಕಡಿಮೆ ಹಾಗೆಯೇ ಇವೆ. ಹಲವು ವರ್ಷಗಳ ಬೆಲೆಯನ್ನು ನೋಡಿದ ಆ ದಲ್ಲಾಳಿಗಳ ವಿವೇಕ, ಒಂದು ವಸಂತದ ಅಂಕದ ಮೇಲೆ ಹಣ ಹೂಡುವವರಿಗಿಂತ ಮೇಲು ಎನ್ನಲು ಅಡ್ಡಿಯಿಲ್ಲ.

ಶಾತೋ ಲಾತೂರ್ 2012ರಲ್ಲಿ ಮುಂಗಡ ಮಾರಾಟದಿಂದ ಹೊರನಡೆಯುವುದಾಗಿ ಪ್ರಕಟಿಸಿತು. ಅದು ಹಾಗೆ ಮಾರಿದ ಕೊನೆಯ ಫಸಲು 2011ರದು. ಕುಡಿಯಲು ತಕ್ಕಷ್ಟು ಪಕ್ವವಾಗಿದೆ ಎಂದು ತಾನೇ ನಿರ್ಧರಿಸಿದ ಮೇಲೆ ತನ್ನ ನೆಲಮಾಳಿಗೆಯಿಂದ ಬಿಡುಗಡೆ ಮಾಡುವುದು ಹೊಸ ಕ್ರಮ. ದಾಸ್ತಾನಿನ ಬಡ್ಡಿಯೂ ಅಪಾಯವೂ ಈಗ ತೋಟದ ತಲೆಯ ಮೇಲೆ. ಸಂಗ್ರಹಣೆಯ ದಾಖಲೆ ನಿರ್ವಿವಾದ. ಅದಕ್ಕೆ ತಕ್ಕ ಬೆಲೆ ಮಾತ್ರ ಕೊಳ್ಳುವವನದು. ಅಷ್ಟು ಕಾಲ ಹಣ ಕಟ್ಟಿಹಾಕಲು ಶಕ್ತಿಯುಳ್ಳ ತೋಟಗಳು ಬೋರ್ಡೋದಲ್ಲಿಯೂ ಬೆರಳೆಣಿಕೆಯಷ್ಟೇ.

ನಂದಿಯ ತಪ್ಪಲು

ಶಾತೋ ಪಾವೀಗೆ ಸಲಹೆಗಾರರಾಗಿದ್ದ ಪೊಮೆರೋಲ್‌ನ ವೈನ್ ತಜ್ಞ ಮಿಶೆಲ್ ರೋಲಾಂ ಅವರು ತೊಂಬತ್ತರ ದಶಕದಿಂದಲೇ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ದ್ರಾಕ್ಷಿ ತೋಟಕ್ಕೂ ಸಲಹೆ ನೀಡುತ್ತಿದ್ದರು. ಇಲ್ಲಿ ಬಿಸಿಲು ಒಂದು ವರ್ಷದ ಅತಿಥಿಯಲ್ಲ. ಆದರೆ ಕರ್ನಾಟಕದ ಬೆಳೆಗಾರನ ಕೈಯಲ್ಲಿ ಎರಡು ಉಪಾಯಗಳಿವೆ. ಚಾಟನಿಯ ಕಾಲವನ್ನು ಹೊಂದಿಸಿ, ಹಣ್ಣು ಚಳಿಗಾಲದ ತಂಪು ರಾತ್ರಿಗಳಲ್ಲಿ ಮಾಗಿ ಬೇಸಿಗೆ ಬಲಿಯುವ ಮೊದಲೇ ಕೊಯ್ಲಿಗೆ ಬರುವಂತೆ ಮಾಡಬಹುದು. ಹನಿ ನೀರಾವರಿಯಿಂದ ಬಳ್ಳಿಯನ್ನು ಉಳಿಸಬಹುದು. 2007ರ ರಾಜ್ಯ ವೈನ್ ನೀತಿಯ ಬಳಿಕ ತಯಾರಿಕಾ ಘಟಕಗಳು ಹೆಚ್ಚಿದವು. ಇಲ್ಲಿಯ ವೈನ್ ಬಹುಮಟ್ಟಿಗೆ ಎಳೆಯದಾಗಿಯೇ ಖರ್ಚಾಗುತ್ತದೆ, ದುಡಿಯುವ ಬಂಡವಾಳ ಅದಕ್ಕಿಂತ ಹೆಚ್ಚು ಕಾಯಲು ಬಿಡುವುದಿಲ್ಲ. ಆದರೂ ಪ್ರತಿ ಫಸಲಿನಿಂದ ಕೆಲವು ಪೆಟ್ಟಿಗೆಗಳನ್ನು ಮಾರದೆ ಎತ್ತಿಟ್ಟು, ಐದು ಮತ್ತು ಹತ್ತನೆಯ ವರ್ಷದಲ್ಲಿ ತೆರೆದು ನೋಡುವ ಖರ್ಚು ದೊಡ್ಡದಲ್ಲ. ಯಾವ ಹೊಲದ ಹಣ್ಣು ಬಾಳುತ್ತದೆ ಎಂಬ ಮಾಹಿತಿಯನ್ನು ಬೇರಾವ ಸಲಹೆಗಾರನೂ ಮಾರಲಾರ.

ಬೋರ್ಡೋ ಸುಮ್ಮನೆ ಕುಳಿತಿಲ್ಲ. ಬಿಸಿ ತಾಳುವ, ತಡವಾಗಿ ಮಾಗುವ ಗುಣಗಳನ್ನು ನೋಡಿ 2021ರಲ್ಲಿ ಆರು ಹೊಸ ದ್ರಾಕ್ಷಿ ಜಾತಿಗಳಿಗೆ ಅಲ್ಲಿ ಅನುಮತಿ ದೊರೆಯಿತು. ಪೋರ್ಚುಗಲ್ಲಿನ ತೂರಿಗಾ ನಾಸಿಯೊನಾಲ್ ಅವುಗಳಲ್ಲೊಂದು. ತೋಟದ ಶೇಕಡಾ 5ಕ್ಕಿಂತ ಹೆಚ್ಚು ನೆಲದಲ್ಲಿ ಅವನ್ನು ಬೆಳೆಯುವಂತಿಲ್ಲ, ಮಿಶ್ರಣದಲ್ಲಿ ಶೇಕಡಾ 10 ಮೀರುವಂತಿಲ್ಲ. 2022ರ ಬೇಸಿಗೆ ಮತ್ತೆ ಸುಟ್ಟಿತು. ಈ ಬಾರಿ ಅನೇಕರು ಗೊಂಚಲಿನ ಮೇಲಿನ ಎಲೆ ಕೀಳಲಿಲ್ಲ. ಪೀಪಾಯಿಯ ಮಾದರಿಗಳು 2003ರವುಗಳಿಗಿಂತ ತಾಜಾ ಎಂದು ರಸಜ್ಞರು ಹೊಗಳಿದರು, 2023ರ ವಸಂತದಲ್ಲಿ ಬೆಲೆ ಏರಿತು, ಕೊಳ್ಳುವವರು ಮುಂಗಡ ಹಣ ಕಟ್ಟಿದರು. ಆ ಸೀಸೆಗಳಿಗೆ ಇಪ್ಪತ್ತು ತುಂಬುವುದು 2042ರಲ್ಲಿ.